ಲೂಪ್ ಲೈನಿನಲ್ಲಿ ಒಂದು ತಾಸು

ನಾನು ಒಂದು ಗಿಟಾರು. ಹುಟ್ಟಿದ್ದು ಕಲ್ಕತ್ತೆಯ ಒಂದು ಇಕ್ಕಟ್ಟಾದ ಗಲ್ಲಿಯಲ್ಲಿ, ವಾದ್ಯ ಮಾಡುವವರ ಸಾಲಿನ ಕೊನೆಯ ಅಂಗಡಿಯಲ್ಲಿ. ನನ್ನನ್ನು ಮಾಡಿದವನು ನಿರಾಪದ ಮಿಸ್ತ್ರಿ ಎಂಬ ಮುದುಕ. ಅವನಿಗೆ ಹಾಡಲು ಬರುತ್ತಿರಲಿಲ್ಲ, ನುಡಿಸಲೂ ಬರುತ್ತಿರಲಿಲ್ಲ. ಹಲಗೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟು ಕೇಳಿ, ಬೇಡವೆನಿಸಿದ್ದನ್ನು ಒಲೆಗೆ ಹಾಕುತ್ತಿದ್ದ. ನನ್ನ ಬೆನ್ನಿನ ಹಲಗೆಯನ್ನು ಎರಡು ಸಲ ಒಲೆಯ ತನಕ ಒಯ್ದು ಎರಡು ಸಲವೂ ವಾಪಸು ತಂದನಂತೆ. ಕೊರಳಿಗೆ ಬೀಟೆಯ ಪಟ್ಟಿ ಕೂರಿಸಿ, ಆರು ತಂತಿ ಬಿಗಿದು, ಒಮ್ಮೆ ಮೀಟಿ, "ಇದರ ದನಿ ಸ್ವಲ್ಪ ಅತ್ತಂತಿದೆ" ಎಂದು ಗೋಡೆಗೆ ತೂಗುಹಾಕಿದ. ಅತ್ತಂತಿರುವ ದನಿ ಎಲ್ಲರಿಗೂ ಬೇಡ. ನಾನು ಆ ಗೋಡೆಯ ಮೇಲೆ ಎರಡು ಬೇಸಿಗೆ ಕಳೆದೆ.

ಕೊನೆಗೆ ನನ್ನನ್ನು ಇಳಿಸಿಕೊಂಡವರು ಡೆಸ್ಮಂಡ್ ರೊಜಾರಿಯೊ. ಹುಬ್ಬಳ್ಳಿಯ ರೈಲ್ವೆ ಗಾರ್ಡು. ಯಾವುದೋ ಮದುವೆಗೆಂದು ಕಲ್ಕತ್ತೆಗೆ ಬಂದವರು ನನ್ನನ್ನು ಮೀಟಿ ನೋಡಿ, ಬೇರೆ ಯಾವುದನ್ನೂ ಮುಟ್ಟದೆ ಕೊಂಡುಕೊಂಡರು. ಎರಡು ದಿನ ರೈಲಿನ ಮೇಲಿನ ಬರ್ತಿನಲ್ಲಿ ಮಲಗಿ ನಾನು ಹುಬ್ಬಳ್ಳಿಗೆ ಬಂದೆ.

ರೈಲ್ವೆ ಕಾಲೋನಿಯಲ್ಲಿ ಅವರದು ಕೆಂಪು ಹೆಂಚಿನ ಕ್ವಾರ್ಟರ್ಸು. ಹಸಿರು ಬಾವುಟ, ಕೆಂಪು ಬಾವುಟ, ಸೀಟಿ, ಲಾಂದ್ರ ಎಲ್ಲ ಒಂದು ಮೂಲೆಯಲ್ಲಿ. ನಾನು ಇನ್ನೊಂದು ಮೂಲೆಯಲ್ಲಿ. ಡ್ಯೂಟಿ ಮುಗಿಸಿ ಬಂದು, ಕೋಟು ಬಿಚ್ಚಿ, ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತು ಹಾಡುತ್ತಿದ್ದರು. ದೂರದ ದೇಶದ ಹಳ್ಳಿಗಾಡಿನ ಇಂಗ್ಲಿಷ್ ಹಾಡುಗಳು. ಹೋದ ರೈಲು, ಹಾಳಾದ ಹೊಲ, ಸೆರೆಮನೆಯಲ್ಲಿರುವ ಮಗ, ಬಿಟ್ಟುಹೋದ ಹೆಂಡತಿ. ನನ್ನ ಅತ್ತಂತಿರುವ ದನಿಗೆ ಅವು ಹೇಳಿ ಮಾಡಿಸಿದ ಹಾಗಿದ್ದವು. ನಿರಾಪದ ಮಿಸ್ತ್ರಿ ನನ್ನನ್ನು ಯಾಕೆ ಒಲೆಗೆ ಹಾಕಲಿಲ್ಲ ಎಂದು ನನಗೆ ತಿಳಿದದ್ದು ಆ ವರಾಂಡದಲ್ಲಿ.

ಬೇಲಿಯ ಆಚೆಯ ಮನೆ ಮೌನೇಶಪ್ಪ ಬಡಿಗೇರ ಅವರದು. ವರ್ಕ್‌ಶಾಪಿನಲ್ಲಿ ರೈಲು ಡಬ್ಬಿಗಳ ಮರಗೆಲಸ ಮಾಡುವವರು. ಹೆಂಡತಿ ಕಾಳವ್ವ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕಸ್ತೂರಿ, ನಾಲ್ಕು ವರ್ಷ ಚಿಕ್ಕವಳು ದಾಕ್ಷಾಯಣಿ. ಮನೆಯಲ್ಲಿ ಅವಳು ದಾಕ್ಷಿ. ರೊಜಾರಿಯೊ ಹಾಡಲು ಕೂತರೆ ಇಬ್ಬರೂ ಬೇಲಿ ದಾಟಿ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದರು. ದಾಕ್ಷಿಯ ಕಣ್ಣು ನನ್ನ ತಂತಿಗಳ ಮೇಲೆ. ಕಸ್ತೂರಿ ಮಾತ್ರ ಕಣ್ಣು ಮುಚ್ಚಿ, ಅರ್ಥ ತಿಳಿಯದ ಆ ಹಾಡುಗಳನ್ನು ತನ್ನದೇ ಅಕ್ಷರಗಳಲ್ಲಿ ಹಾಡುತ್ತಿದ್ದಳು. ಹಾಡುವ ಕೊರಳು ನಿಜವಾಗಿ ಕಸ್ತೂರಿಯದು. ಇದನ್ನು ನಾನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಪತ್ರಿಕೆಗಳಲ್ಲಿ ಬರೆದವರು ಯಾರೂ ಇದನ್ನು ಬರೆಯಲಿಲ್ಲ. ದಾಕ್ಷಿಗಿದ್ದದ್ದು ಬೆರಳು.

ರೊಜಾರಿಯೊ ಅವಳ ಪುಟ್ಟ ಬೆರಳುಗಳನ್ನು ನನ್ನ ತಂತಿಗಳ ಮೇಲೆ ಒಂದೊಂದಾಗಿ ಕೂರಿಸಿ ಕಲಿಸಿದರು.

"ನೋವಾಗ್ತದ ಅಂಕಲ್," ಎಂದಳು ಅವಳು.

"ಒಂದು ತಿಂಗಳು ನೋವು, ಆಮ್ಯಾಲೆ ಚರ್ಮ ಗಟ್ಟಿ ಆಗ್ತದ ಬೇಬಿ. ಆದ್ರ ಒಂದು ತಿಳ್ಕೊ. ಈ ಹಾಡಿನ್ಯಾಗ ಸುಳ್ಳು ಹೇಳಿದ್ರ ಲಗೂನ ಗೊತ್ತಾಗ್ತದ. ಮುಚ್ಕೊಳ್ಳಾಕ ಏನೂ ಇರಂಗಿಲ್ಲ ಇದ್ರಾಗ."

ದಾಕ್ಷಿಗೆ ಹನ್ನೆರಡು ತುಂಬಿದ ವರ್ಷ ಅವರು ನಿವೃತ್ತರಾಗಿ ಮಗನ ಹತ್ತಿರ ಆಸ್ಟ್ರೇಲಿಯಾಕ್ಕೆ ಹೊರಟರು. ಬೆತ್ತದ ಕುರ್ಚಿ, ಮಂಚ, ಕಪಾಟು ಎಲ್ಲವನ್ನೂ ಒಬ್ಬೊಬ್ಬರಿಗೆ ಕೊಟ್ಟು, ನನ್ನನ್ನು ಮಾತ್ರ ತಾವೇ ಹೊತ್ತುಕೊಂಡು ಬೇಲಿ ದಾಟಿ ಬಂದರು. "ಬಡಿಗೇರ, ಇದು ನಿನ್ನ ಮಗಳಿಗೆ," ಎಂದರು. ಮೌನೇಶಪ್ಪ ಬೇಡವೆನ್ನಲು ಬಾಯಿ ತೆರೆದವರು ನನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಬೆನ್ನಿನ ಹಲಗೆಯನ್ನು ಬೆರಳಿನ ಗೆಣ್ಣಿನಿಂದ ಕುಟ್ಟಿದರು. ಕಲ್ಕತ್ತೆ ಬಿಟ್ಟ ಮೇಲೆ ಹಾಗೆ ಕುಟ್ಟಿದವರು ಅವರೊಬ್ಬರೇ. "ಮಾಡಿದಂವ ಶ್ಯಾಣ್ಯಾ ಇದ್ದಾನ್ರಿ ಸಾಹೇಬ್ರ," ಎಂದು ಅಂದೇ ಗೋಡೆಗೆ ಮೊಳೆ ಹೊಡೆದು ನನ್ನನ್ನು ತೂಗುಹಾಕಿದರು.

ಮೌನೇಶಪ್ಪ ಕೆಟ್ಟ ಮನುಷ್ಯರಲ್ಲ. ಮುಂದಿನ ಬೇಸಿಗೆಯಲ್ಲಿ ಸೆಖೆಗೆ ನನ್ನ ಕುದುರೆ, ಎಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು, ಕಿತ್ತುಬಂತು. ಅವರು ರಜೆ ಹಾಕಿ, ಸರಸಿನ ಅಂಟು ಕಾಯಿಸಿ, ಅದನ್ನು ಅಂಟಿಸಿ, ಮೂರು ದಿನ ಯಾರೂ ಮುಟ್ಟದ ಹಾಗೆ ಕಾದರು. ಸಂಜೆ ಮಕ್ಕಳಿಬ್ಬರೂ ಹಾಡಲು ಕೂತರೆ ಚಾ ಆರುವ ತನಕ ಕೇಳುತ್ತಿದ್ದರು. ದಾಕ್ಷಿ ನುಡಿಸುವುದು, ಕಸ್ತೂರಿ ಹಾಡುವುದು. ಅಕ್ಕನಿಗಾಗಿ ದಾಕ್ಷಿ ಕನ್ನಡದಲ್ಲಿ ಸಾಲು ಕಟ್ಟತೊಡಗಿದಳು. ವರ್ಕ್‌ಶಾಪಿನ ಸೈರನ್ನು, ಪ್ಲಾಟ್‌ಫಾರ್ಮಿನಲ್ಲಿ ಮಂಡಕ್ಕಿಯ ಗಿರಮಿಟ್ ಮಾರುವವನು, ಗಂಡ ಲೈನಿಗೆ, ಎಂದರೆ ರೈಲಿನ ಡ್ಯೂಟಿಗೆ, ಹೋದಾಗ ದೀಪ ಆರಿಸದೆ ಕೂರುವ ಹೆಂಗಸರು. ಕಾಳವ್ವ ರೊಟ್ಟಿ ಬಡಿಯುತ್ತಲೇ, "ಇದೆಂಥಾ ಹಾಡವಾ, ಅತ್ತಾಗ ದೇವರದೂ ಅಲ್ಲ, ಇತ್ತಾಗ ಸಿನಿಮಾದ್ದೂ ಅಲ್ಲ," ಎನ್ನುತ್ತಿದ್ದಳು. ರೊಟ್ಟಿಯ ಸದ್ದು ಮಾತ್ರ ತಾಳ ತಪ್ಪುತ್ತಿರಲಿಲ್ಲ.

ಹತ್ತೊಂಬತ್ತಕ್ಕೆ ಕಸ್ತೂರಿಯ ಮದುವೆಯಾಯಿತು. ಕೊಪ್ಪಳದ ಕಡೆಯ ಊರು. ಹುಡುಗನದು ಕಬ್ಬಿಣದ ಬಾಗಿಲು, ಗೇಟು ಮಾಡುವ ಅಂಗಡಿ. ಅವಳು ಹೋದ ಮೇಲೆ ಮನೆಯಲ್ಲಿ ಹಾಡು ನಿಂತಿತು. ದಾಕ್ಷಿ ನನ್ನನ್ನು ನುಡಿಸುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ.

ಏಳು ತಿಂಗಳಿಗೆ ಕಸ್ತೂರಿ ಒಬ್ಬಳೇ ಬಂದಳು. ಒಂದು ವಾರ ಇದ್ದಳು. ಏನಾಯಿತೆಂದು ಕೇಳಿದರೆ, "ಅಲ್ಲಿ ನನಗ ಆಗವಲ್ದು," ಎಂದಷ್ಟೇ ಹೇಳುತ್ತಿದ್ದಳು. ಅಪ್ಪ ತಮ್ಮ ರೈಲ್ವೆ ಪಾಸು ತೆಗೆದುಕೊಂಡು ಅವಳನ್ನು ಬಿಟ್ಟುಬಂದರು. ಮರು ವರ್ಷ ಮತ್ತೆ ಬಂದಳು. ಈ ಸಲ ಎಡಗೈಯ ಮಣಿಕಟ್ಟು ಸೊಟ್ಟಗಿತ್ತು. ಬಾವಿಕಟ್ಟೆಯ ಮೇಲೆ ಜಾರಿದೆ ಎಂದಳು. ಯಾರೂ ನಂಬಲಿಲ್ಲ, ಯಾರೂ ನಂಬಲಿಲ್ಲವೆಂದು ಹೇಳಲೂ ಇಲ್ಲ. ಮತ್ತೆ ಬಿಟ್ಟುಬಂದರು.

ಮೂರನೆಯ ಸಲ ಬಂದಾಗ ಅವಳು ತನ್ನ ಟ್ರಂಕು ಸಮೇತ ಬಂದಿದ್ದಳು. ನಾಲ್ಕನೆಯ ದಿನ ಅಪ್ಪ ಊಟಕ್ಕೆ ಕೂತಾಗ ಬಾಗಿಲ ಹತ್ತಿರ ನಿಂತು ಹೇಳಿದಳು:

"ಅಪ್ಪಾ, ಇಲ್ಲೇ ಇರ್ತೇನಿ. ಯಾರದರ ಮನ್ಯಾಗ ಹೊಲಿಗಿ ಮಾಡ್ತೇನಿ. ನಿಮಗ ಭಾರ ಆಗಂಗಿಲ್ಲ."

ಮೌನೇಶಪ್ಪ ಅನ್ನ ಕಲಸುತ್ತಲೇ ಇದ್ದರು. "ಭಾರದ ಮಾತಲ್ಲವಾ. ಕೊಟ್ಟ ಹೆಣ್ಣು ಕೊಟ್ಟ ಮನ್ಯಾಗ ಇರಬೇಕು. ಚಿಕ್ಕಾಕಿ ಒಬ್ಬಾಕಿ ಅದಾಳ, ಆಕಿನ್ನ ಯಾರು ಕೇಳ್ತಾರ ನಾಳೆ? ನಾ ಅವನ ಕೂಡ ಮಾತಾಡ್ತೇನಿ."

ಮರುದಿನ ಮಧ್ಯಾಹ್ನ ಕಾಳವ್ವ ಅವಳ ತಲೆ ಬಾಚಿ, ಎಣ್ಣೆ ಹಚ್ಚಿ, ಹೆಣೆದು, ಹೂ ಮುಡಿಸಿದಳು. ಕಸ್ತೂರಿ ಗೋಡೆಯ ಕಡೆ ನೋಡಿ, "ದಾಕ್ಷಿ, ಅದನ್ನ ಒಂದೀಟು ಬಾರಿಸು," ಎಂದಳು. ದಾಕ್ಷಿ ಕೋಪದಲ್ಲಿದ್ದಳು. ಅಪ್ಪನ ಮೇಲಿನ ಕೋಪ, ಸುಮ್ಮನೆ ಹೊರಟ ಅಕ್ಕನ ಮೇಲಿನ ಕೋಪ. "ನನಗ ಮನಸಿಲ್ಲ," ಎಂದಳು. ಕಸ್ತೂರಿ ಸರಿ ಎನ್ನುವ ಹಾಗೆ ತಲೆಯಾಡಿಸಿ ಟ್ರಂಕು ಎತ್ತಿಕೊಂಡಳು. ನಾನು ಮೊಳೆಯ ಮೇಲೆ ಇದ್ದೆ. ಯಾರೂ ಮುಟ್ಟದಿದ್ದರೆ ನಾನು ಬರೀ ಹಲಗೆ.

ಹನ್ನೊಂದನೆಯ ದಿನ ಸುದ್ದಿ ಬಂತು. ನೀರು ಸೇದಲು ಹೋಗಿ ಬಾವಿಗೆ ಬಿದ್ದಳು ಎಂದರು. ಕಾಲೋನಿಯವರೆಲ್ಲ ಅಂಗಳದಲ್ಲಿ ತುಂಬಿದ್ದರು. ಮೌನೇಶಪ್ಪ ಅಳಲಿಲ್ಲ. ಮರುದಿನದಿಂದ ಸೈರನ್ನಿಗೆ ಸರಿಯಾಗಿ ಕೆಲಸಕ್ಕೆ ಹೋದರು. ಆದರೆ ಅಂದಿನಿಂದ ಅವರು ಕೊಪ್ಪಳದ ಕಡೆಯ ರೈಲು ಹತ್ತಲಿಲ್ಲ.

ದಾಕ್ಷಿ ನಾಲ್ಕು ವರ್ಷ ನನ್ನನ್ನು ಮುಟ್ಟಲಿಲ್ಲ. ನನ್ನ ತಂತಿಗಳಿಗೆ ತುಕ್ಕು ಬಂತು, ಒಡಲಿನಲ್ಲಿ ಜೇಡ ಮನೆ ಮಾಡಿತು. ಬಿ.ಎ. ಕೊನೆಯ ವರ್ಷದ ಒಂದು ರವಿವಾರ, ಅಪ್ಪ ಅವ್ವ ಯಾರದೋ ಮನೆಗೆ ಹೋಗಿದ್ದಾಗ, ಅವಳು ನನ್ನನ್ನು ಇಳಿಸಿ, ಒರೆಸಿ, ಹೊಸ ತಂತಿ ಹಾಕಿ, ಶ್ರುತಿ ಮಾಡಿ ಬಾಯಿ ತೆರೆದಳು. ಅವಳ ದನಿ ಕಸ್ತೂರಿಯದರಂತೆ ಇರಲಿಲ್ಲ. ಒರಟು, ಮೇಲಕ್ಕೆ ಹೋದರೆ ಒಡೆಯುವ ದನಿ. ಆದರೆ ಹಾಡುವವಳು ಇಲ್ಲದ ಮನೆಯಲ್ಲಿ ಅವಳೇ ಹಾಡಬೇಕಿತ್ತು. ಅಂದು ಬಂದ ಹಾಡು ಇದು:

ಮೂರ ಸಲ ಬಂದ್ಳು ಅಕ್ಕ, ಮೂರ ಸಲ ಕಳಿಸಿದಿವಿ,
ಚಾ ಕುಡಿಸಿ, ತಲಿ ಬಾಚಿ, ಗಾಡಿ ಹತ್ತಿಸಿದಿವಿ.
ಕಿಡಕ್ಯಾಗ ಕೈ ಇತ್ತು, ಕೈ ತುಂಬ ಬಳಿ ಇತ್ತು,
ಬಳಿ ನೋಡಿ ಸಾಕಂದಿವಿ, ಕೈ ಮರತು ಬಿಟ್ಟಿವಿ.

ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಹಾಡಲು ಹೆಸರು ಕೊಟ್ಟಾಗ ಪ್ರಾಧ್ಯಾಪಕರೊಬ್ಬರು ಪಟ್ಟಿ ಹಿಡಿದು ಕೇಳಿದರು, "ಇದನ್ನ ಎಲ್ಲಿ ಬರೀಲಿ? ಜಾನಪದ ಅಲ್ಲ, ಭಾವಗೀತೆ ಅಲ್ಲ, ಪಾಶ್ಚಾತ್ಯದಾಗ ಹಾಕಬೇಕಂದ್ರ ಮಾತು ಹುಬ್ಬಳ್ಳೀದು." ಕೊನೆಗೆ 'ಇತರೆ' ಎಂದು ಬರೆದರು. ಮುಂದೆ ಅವಳ ಹಾಡಿನ ಬದುಕು ಪೂರ್ತಿ ಆ ಪಟ್ಟಿಯಲ್ಲೇ ಕಳೆಯಿತು. ಕ್ಯಾಸೆಟ್ ಮಾಡುವವರ ಬಾಗಿಲಿಗೆ ಹೋದರೆ ದೇವರ ಹಾಡು ಇದ್ದರೆ ತಾ ಎನ್ನುವರು, ಇಲ್ಲವೇ ಗಿಟಾರು ಬಿಟ್ಟು ಡೊಳ್ಳು ಹಾಕು ಎನ್ನುವರು. ಅವಳು ಎರಡಕ್ಕೂ ಒಪ್ಪದೆ ನನ್ನನ್ನು ಹೆಗಲಿಗೆ ಹಾಕಿಕೊಂಡು ಇಳಿದು ಬರುತ್ತಿದ್ದಳು.

ಆಗ ಸಿಕ್ಕವನು ಮೆಹಬೂಬ ನದಾಫ. ಧಾರವಾಡದಲ್ಲಿ ಅವನ ಅಪ್ಪನದು ಗಾದಿ ಮಾಡುವ ಅಂಗಡಿ. ಮೆಹಬೂಬ ಹಗಲು ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ, ಬಿಡುವಿನಲ್ಲಿ ಮ್ಯಾಂಡೊಲಿನ್ ನುಡಿಸುತ್ತಿದ್ದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆಗೆಲ್ಲ ಗಾದಿ ನಿಲ್ಲಿಸಿ ಅವನು ಹೇಳಿದ, "ಇಲ್ಲಿ ಕುಂತು ಹಾಡವಾ. ಹೊರಗಿನ ಸದ್ದು ಒಳಗ ಬರಂಗಿಲ್ಲ." ನಾಲ್ಕು ಶುಕ್ರವಾರ, ಅಂಗಡಿ ಮುಚ್ಚಿದ ದಿನಗಳಲ್ಲಿ, ಹತ್ತಿಯ ಧೂಳಿನ ನಡುವೆ ಒಂಬತ್ತು ಹಾಡು ಟೇಪಿನಲ್ಲಿ ಮುದ್ರಣವಾದವು. ಅಲ್ಲಿ ಹಾಡಿದ್ದು ಗೋಡೆಗೆ ಬಡಿದು ಮರಳುತ್ತಿರಲಿಲ್ಲ. ಅಂಥ ಕೋಣೆಯಲ್ಲಿ ಹಾಡುವವರಿಗೆ ತಮ್ಮ ದನಿ ತುಂಬ ಹತ್ತಿರ ಕೇಳಿಸುತ್ತದೆ. 'ಮೂರ ಸಲ' ಹಾಡಿದ ದಿನ ದಾಕ್ಷಿ ಮುಗಿಸಿ ನನ್ನ ಮೇಲೆ ಹಣೆಯಿಟ್ಟು ಕೂತಳು. ಮೆಹಬೂಬ ಟೇಪಿನ ಯಂತ್ರ ನಿಲ್ಲಿಸುವುದನ್ನು ಮರೆತಿದ್ದ. ಕ್ಯಾಸೆಟ್ಟಿನ ಕೊನೆಯಲ್ಲಿ ಆ ಮೌನವೂ ಉಳಿದುಕೊಂಡಿತು.

'ಕಾಲೋನಿ ಹಾಡು' ಎಂದು ಅದಕ್ಕೆ ಹೆಸರಿಟ್ಟರು. ಅದರ ಪ್ರತಿಗಳನ್ನು ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ನಾವು ಊರೂರು ತಿರುಗಿದೆವು. ಗದಗದ ವಾಚನಾಲಯ, ಬೆಳಗಾವಿಯ ಕಾಲೇಜು, ಬಾಗಲಕೋಟೆಯಲ್ಲಿ ಒಬ್ಬ ಡಾಕ್ಟರರ ಮನೆಯ ಅಂಗಳ. ಕೆಲವು ಕಡೆ ನೂರು ಜನ, ಕೆಲವು ಕಡೆ ಕುರ್ಚಿ ಹಾಕಿದವರಷ್ಟೇ. ಬಸ್ಸಿನಲ್ಲಿ ನನಗೆ ಜಾಗ ಸಿಗದಿದ್ದರೆ ಅವಳು ನಿಂತು ನನ್ನನ್ನು ಕೂರಿಸುತ್ತಿದ್ದಳು. ಬೆಂಗಳೂರಿನ ಒಂದು ಪತ್ರಿಕೆಯಲ್ಲಿ ಅರ್ಧ ಪುಟ ಬರೆದರು. ಎಲ್ಲೆಡೆ ಕೇಳುತ್ತಿದ್ದದ್ದು ಒಂದೇ ಹಾಡು.

ಹೊಗಳಿಕೆ ಕಾಲೋನಿಗೂ ತಲುಪಿತು, ಆದರೆ ಬೇರೆ ರೂಪದಲ್ಲಿ. ಒಂದು ಸಂಜೆ ಮೌನೇಶಪ್ಪ ಕೆಲಸದಿಂದ ಬಂದವರು ಕಾಲು ತೊಳೆಯಲಿಲ್ಲ. ವರ್ಕ್‌ಶಾಪಿನಲ್ಲಿ ಯಾರೋ ಅಂದಿದ್ದರು: "ಬಡಿಗೇರ, ನಿನ್ನ ಮಗಳು ನಿನ್ನ ಮ್ಯಾಲೇ ಹಾಡು ಕಟ್ಯಾಳಂತ. ಅಪ್ಪನೇ ಅಕ್ಕನ್ನ ಬಾವಿಗೆ ನೂಕಿದ ಅಂತ." ಅವರು ಕೂಗಾಡಲಿಲ್ಲ. ಗೋಡೆಯ ಮೇಲಿದ್ದ ನನ್ನನ್ನು ಇಳಿಸಿ, ಚೀಲಕ್ಕೆ ಹಾಕಿ, ಬಾಗಿಲ ಹೊರಗೆ ಗೋಡೆಗಾನಿಸಿ ಇಟ್ಟರು. ಇಡುವಾಗಲೂ ಕೊರಳು ಬಾಗದ ಹಾಗೆ ನೋಡಿ ಇಟ್ಟರು.

"ಇದನ್ನ ತಗೊಂಡು ಎಲ್ಲಿ ಇರತೀಯೋ ಅಲ್ಲಿ ಇರು," ಎಂದರು.

ಕಾಳವ್ವ ಒಳಗಿನಿಂದಲೇ ಹೇಳಿದಳು, "ಸತ್ತಾಕಿನ್ನ ಬಜಾರದಾಗ ನಿಲ್ಲಿಸಿದಿ. ಇನ್ನೇನು ಉಳಿಸಿದಿ ನಮಗ?"

ದಾಕ್ಷಿ, ಆ ಹಾಡಿನಲ್ಲಿ 'ಕಳಿಸಿದಿವಿ' ಎಂದಿದೆ, ಎಲ್ಲಿಯೂ 'ಕಳಿಸಿದ' ಎಂದಿಲ್ಲ ಎಂದು ಹೇಳಬಹುದಿತ್ತು. ಒಮ್ಮೆ ಕೇಳಿರಿ ಎನ್ನಬಹುದಿತ್ತು. ಅವಳೂ ಅದೇ ಅಪ್ಪನ ಮಗಳು. ನನ್ನನ್ನು ಹೆಗಲಿಗೆ ಹಾಕಿಕೊಂಡು ಹೊರಟಳು.

ಧಾರವಾಡದಲ್ಲಿ ಒಂದು ಬಾಡಿಗೆ ಕೋಣೆ, ಹೆಣ್ಣುಮಕ್ಕಳ ಶಾಲೆಯಲ್ಲಿ ಸಂಗೀತದ ಕೆಲಸ, ರಜೆಯಲ್ಲಿ ಕಾರ್ಯಕ್ರಮ. ಎಂಟು ವರ್ಷ ಹೀಗೇ ಹೋದವು. ಮದುವೆಯ ಮಾತು ಒಂದೆರಡು ಸಲ ಬಂತು, ಹಾಡು ಕೇಳಿದ ಮೇಲೆ ಹೋಯಿತು. ಆ ಒಂದು ಹಾಡು ಅವಳನ್ನು ತಿನ್ನತೊಡಗಿತ್ತು. ಜನ ಅಳಲೆಂದೇ ಬಂದು ಕೂತು, ಅತ್ತು, ಸಮಾಧಾನವಾಗಿ ಮನೆಗೆ ಹೋಗುತ್ತಿದ್ದರು. ಅವಳು ಮಾತ್ರ ಪ್ರತಿ ಊರಿನಲ್ಲೂ ಅಕ್ಕನನ್ನು ಮತ್ತೊಮ್ಮೆ ಗಾಡಿ ಹತ್ತಿಸಬೇಕಿತ್ತು. "ಇನ್ನ ಸಾಕು ಮೆಹಬೂಬಣ್ಣ," ಎಂದು ಬಾಗಲಕೋಟೆಯಲ್ಲಿ ಒಮ್ಮೆ ಹೇಳಿದಳು, "ಇದನ್ನ ಬಿಟ್ಟುಬಿಡ್ತೇನಿ." ಅಂದು ಹಾಡು ಮುಗಿದ ಮೇಲೆ ಹಸಿರು ಸೀರೆಯ ಹೆಂಗಸೊಬ್ಬಳು ವೇದಿಕೆಯ ಹತ್ತಿರ ಬಂದು, ನನ್ನ ಕೊರಳ ಮೇಲಿದ್ದ ದಾಕ್ಷಿಯ ಕೈಯನ್ನು ಹಿಡಿದುಕೊಂಡಳು.

"ನಮ್ಮ ತಂಗಿ ಬಂದು ಕುಂತಾಳ್ರಿ ಮನ್ಯಾಗ. ನಾಳೆ ಕಳಸೂದಿತ್ತು," ಎಂದಳು. "ಕಳಸಂಗಿಲ್ರಿ."

ಅಷ್ಟು ಹೇಳಿ ಹೋದಳು. ಮೆಹಬೂಬ ಮ್ಯಾಂಡೊಲಿನ್ನನ್ನು ಚೀಲಕ್ಕೆ ಹಾಕುತ್ತ, "ಈಗ ಬಿಡು ನೋಡೋಣ," ಎಂದ. ದಾಕ್ಷಿ ಬಿಡಲಿಲ್ಲ.

ಆಮೇಲೆ ಹುಬ್ಬಳ್ಳಿಯ ರೈಲ್ವೆ ಇನ್‌ಸ್ಟಿಟ್ಯೂಟಿನಿಂದ, ಎಂದರೆ ನೌಕರರ ಕ್ಲಬ್ಬಿನಿಂದ, ಕರೆ ಬಂತು. ವಾರ್ಷಿಕೋತ್ಸವ, ಕಾಲೋನಿಯ ಮಗಳೇ ಹಾಡಬೇಕು ಎಂದರು. ಸಂಜೆ ಆರಕ್ಕೆ ಸಭಾಂಗಣ ತುಂಬಿತ್ತು. ಎರಡನೆಯ ಹಾಡಿನ ನಡುವೆ ಅವಳ ಬೆರಳು ನನ್ನ ತಂತಿಯ ಮೇಲೆ ಒಂದು ಕ್ಷಣ ತಡವರಿಸಿತು. ನಾನು ಅವಳು ನೋಡಿದ ಕಡೆ ನೋಡಿದೆ. ಮೂರನೆಯ ಸಾಲಿನಲ್ಲಿ, ಜನ ಪಕ್ಕಕ್ಕೆ ಕೂರದೆ ಎರಡೂ ಕಡೆ ಖಾಲಿ ಬಿಟ್ಟ ಕುರ್ಚಿಗಳ ನಡುವೆ, ಬಿಳಿ ಟೊಪ್ಪಿಗೆ ಹಾಕಿದ ಮೌನೇಶಪ್ಪ ಕೂತಿದ್ದರು. ಆಗಷ್ಟೇ ನಿವೃತ್ತರಾಗಿದ್ದರು, ಸೊರಗಿದ್ದರು. ಕೈಗಳನ್ನು ಮೊಣಕಾಲ ಮೇಲೆ ಊರಿಕೊಂಡು, ಆಫೀಸಿನಲ್ಲಿ ಕರೆಗಾಗಿ ಕಾಯುವವರ ಹಾಗೆ ನೆಟ್ಟಗೆ ಕೂತಿದ್ದರು.

ಕೊನೆಗೆ ಜನ, "ಮೂರ ಸಲ, ಮೂರ ಸಲ," ಎಂದು ಕೂಗಿದರು. ದಾಕ್ಷಿ ಮೈಕಿನ ಹತ್ತಿರ ಬಾಗಿ, "ಇವತ್ತು ಅದನ್ನ ಹಾಡಂಗಿಲ್ರಿ," ಎಂದಳು. ಗಿರಮಿಟ್ ಮಾರುವವನ ಹಾಡು ಹಾಡಿ ಮುಗಿಸಿದಳು. ಇಡೀ ಕಾಲೋನಿಯ ನಡುವೆ, ಎದುರಿಗೆ ಕೂತ ಅಪ್ಪನಿಗೆ ಅದನ್ನು ಕೇಳಿಸುವುದು ಕ್ರೌರ್ಯವೆಂದು ಅವಳಿಗೆ ಅನ್ನಿಸಿತು. ಕರುಣೆಯಿಂದ ಮಾಡಿದ್ದು. ನಾನೂ ಆಗ ಅದನ್ನೇ ಸರಿ ಎಂದುಕೊಂಡೆ.

ಹೊರಗೆ ಬೇವಿನ ಮರದ ಕೆಳಗಿನ ಕಟ್ಟೆಯ ಹತ್ತಿರ ಅವರು ನಿಂತಿದ್ದರು. ದಾಕ್ಷಿ ನನ್ನನ್ನು ಹೆಗಲ ಮೇಲೆ ಹೊತ್ತೇ ಹತ್ತಿರ ಹೋದಳು. ಎಂಟು ವರ್ಷದ ಮೇಲೆ ಮೊದಲ ಮಾತು ಅವರದೇ.

"ಅದನ್ನ ಹಾಡ್ಲಿಲ್ಲ ನೀ."

"ನೀವು ಕುಂತಿದ್ರಿ ಅಪ್ಪಾ."

"ಅದನ್ನ ಕೇಳಾಕ ಬಂದಿದ್ನಿ." ಅವರು ಕಟ್ಟೆಯ ಮೇಲೆ ಕೂತರು. "ಟೇಪಿನ್ಯಾಗ ಕೇಳಾಕ ಧೈರ್ಯ ಆಗ್ಲಿಲ್ಲ. ಮಂದಿ ಒಂದೊಂದು ನಮೂನಿ ಹೇಳ್ತಾರ. ನಿನ್ನ ಬಾಯಿಂದ ಕೇಳಬೇಕಂತ ಬಂದ್ನಿ. ಒಂದು ಕೇಳ್ತೇನಿ. ಅಣ್ಣಿಗೇರೀದು ಐತೇನು ಅದ್ರಾಗ?"

"ಅಣ್ಣಿಗೇರೀದು ಅಂದ್ರ?"

ಮೌನೇಶಪ್ಪ ತಮ್ಮ ಅಂಗೈಗಳನ್ನು ನೋಡುತ್ತ ಹೇಳಿದರು.

"ಕಡೀ ಸಲ ಕಸ್ತೂರಿನ್ನ ಕರಕೊಂಡು ಹೊಂಟಾಗ, ಅಣ್ಣಿಗೇರ್ಯಾಗ ನಮ್ಮ ಪ್ಯಾಸೆಂಜರನ್ನ ಲೂಪ್ ಲೈನಿಗೆ ಹಾಕಿದ್ರು. ದೊಡ್ಡ ಗಾಡಿ ದಾಟಿ ಹೋಗೂಮಟ ಸಣ್ಣ ಗಾಡಿ ಬಾಜೂಕ ನಿಲ್ಲಬೇಕಲ್ಲ, ಹಂಗ. ಒಂದು ತಾಸು ನಿಂತಿತ್ತು. ಆ ಕಡೆ ಹುಬ್ಬಳ್ಳಿ ಗಾಡಿ ಬಂದು ನಿಂತಿತು. ಆಕಿ ಅದನ್ನ ನೋಡಿದ್ಲು. 'ಅಪ್ಪಾ, ತಿರುಗಿ ಹೋಗೂಣು' ಅಂದ್ಲು. ಭಾಳ ಸಣ್ಣ ದನೀಲೆ ಅಂದ್ಲು. ನಾ ಕೇಳಿಸ್ಲಿಲ್ಲ ಅನ್ನೂವಂಗ ಕಿಡಕ್ಯಾಗಿಂದ ಶೇಂಗಾ ತಗೊಂಡ್ನಿ. ಸುಲಿದು ಸುಲಿದು ಆಕಿ ಕೈಯಾಗ ಇಟ್ನಿ. ಹುಬ್ಬಳ್ಳಿ ಗಾಡಿ ಹೋತು."

ದಾಕ್ಷಿ ನನ್ನನ್ನು ಹೆಗಲಿನಿಂದ ಇಳಿಸಿ ಕಟ್ಟೆಗೆ ಆನಿಸಿದಳು. "ಅದಿಲ್ಲ ಅಪ್ಪಾ. ನನಗ ಗೊತ್ತಿರಲಿಲ್ಲ."

"ಗೊತ್ತಿದ್ದಂವ ನಾ ಒಬ್ಬನ. ನಿಮ್ಮವ್ವಗೂ ಹೇಳಿಲ್ಲ." ಅವರು ಎದ್ದು ಟೊಪ್ಪಿಗೆ ಸರಿಮಾಡಿಕೊಂಡರು. "ಸೇರಿಸು ಅದನ್ನ. ಆದ್ರ ಮೊದಲ ನನಗ ಕೇಳಸು."

"ಮುಂದಿನ ರವಿವಾರ ಮನೀಗಿ ಬರ್ತೇನಿ."

"ಬಾ," ಎಂದರು. ಹೊರಡುವ ಮೊದಲು ಚೀಲದ ಮೇಲಿಂದಲೇ ನನ್ನನ್ನು ಒಮ್ಮೆ ತಡವಿ, "ಕುದುರಿ ಕಿತ್ತಿಲ್ಲಲಾ?" ಎಂದು ಕೇಳಿದರು.

ಆ ವಾರ ದಾಕ್ಷಿ ಶಾಲೆಯಿಂದ ಬಂದವಳೇ ನನ್ನನ್ನು ಹಿಡಿದು ಕೂರುತ್ತಿದ್ದಳು. ನಾಲ್ಕು ಸಾಲಿಗಾಗಿ ಒಂದು ನೋಟ್‌ಬುಕ್ಕು ಹರಿದಳು. ಶುಕ್ರವಾರ ಮಧ್ಯಾಹ್ನ ಸಾಲುಗಳು ಕೂಡಿಬಂದವು. ಅದೇ ಶುಕ್ರವಾರ ಸಂಜೆ ಕಾಲೋನಿಯಿಂದ ಫೋನು ಬಂತು. ಮೌನೇಶಪ್ಪ ಅಂಗಳದಲ್ಲಿ ಬಿದ್ದಿದ್ದರು. ಲಕ್ವ. ಬಲಗಡೆಯ ಮೈ ಹೋಗಿತ್ತು, ಮಾತು ಹೋಗಿತ್ತು.

ಹತ್ತೊಂಬತ್ತು ದಿನದ ಮೇಲೆ ಅವರನ್ನು ಆಸ್ಪತ್ರೆಯಿಂದ ಮನೆಗೆ ತಂದರು. ಮರುದಿನ ಬೆಳಿಗ್ಗೆ ದಾಕ್ಷಿ ನನ್ನನ್ನು ತೆಗೆದುಕೊಂಡು ಆ ಹೊಸ್ತಿಲು ದಾಟಿದಳು. ಕಾಳವ್ವ ನನ್ನನ್ನು ನೋಡಿ, "ಈಗ್ಯಾಕ ಅದು?" ಎಂದಳು.

"ಅಪ್ಪಗ ಮಾತು ಕೊಟ್ಟೇನವ್ವ."

ಅವರು ಕಿಟಕಿಯ ಕೆಳಗಿನ ಮಂಚದಲ್ಲಿದ್ದರು. ಕಣ್ಣು ತೆರೆದಿದ್ದವು, ಮಾಡಿನ ತೊಲೆಯ ಮೇಲೆ ನಟ್ಟಿದ್ದವು. ದಾಕ್ಷಿ ಮಂಚದ ಅಂಚಿನಲ್ಲಿ ಕೂತು, ಅವರ ಎಡಗೈಯನ್ನು ಎತ್ತಿ ನನ್ನ ಒಡಲಿನ ಬದಿಗೆ ಆನಿಸಿದಳು. ದನಿ ಕಿವಿಗೆ ಹೋಗದಿದ್ದರೂ ಮರದ ನಡುಕ ಕೈಗಾದರೂ ಹೋಗಲೆಂದು. ಮೊದಲಿನಿಂದ ಹಾಡಿದಳು. ಕೊನೆಗೆ ಹೊಸ ಸಾಲು:

ಅಣ್ಣಿಗೇರಿ ಲೂಪಿನ್ಯಾಗ ಗಾಡಿ ನಿಂತಿತ್ತ ಒಂದು ತಾಸು,
ತಿರುಗಿ ಹೋಗೂಣಪ್ಪ ಅಂದ್ಳು, ದನಿ ಇತ್ತು ಭಾಳ ಸಣ್ಣದು.
ಶೇಂಗಾದ ಪೊಟ್ಣ ಕೊಟ್ಟಿವಿ, ಸಿಪ್ಪಿ ಸುಲಿದು ಕೊಟ್ಟಿವಿ,
ಹೂಂ ಅನ್ನೂ ಮಾತೊಂದ ಬಿಟ್ಟು ಎಲ್ಲಾನೂ ಕೊಟ್ಟಿವಿ.

ಆ ಶೇಂಗಾವನ್ನೂ ಅವಳು 'ಕೊಟ್ಟಿವಿ' ಎಂದೇ ಹಾಡಿದಳು. ಅಪ್ಪನನ್ನು ಆ ಗಾಡಿಯಲ್ಲಿ ಒಂಟಿಯಾಗಿ ಬಿಡಲಿಲ್ಲ.

ಕೇಳುವವರಿಗೆ ಸಮಾಧಾನವಾಗಲೆಂದು ಅವರ ಬೆರಳು ಅಲುಗಿತು, ಕಣ್ಣಂಚಿನಲ್ಲಿ ನೀರು ಬಂತು ಎಂದು ನಾನು ಹೇಳಬಹುದು. ಆ ಕೈ ನನ್ನ ಮೇಲೇ ಇತ್ತು, ಬೇರೆ ಯಾರಿಗಿಂತ ನನಗೇ ಅದು ಗೊತ್ತು. ಅದು ಅಲುಗಲಿಲ್ಲ. ಬೆಚ್ಚಗಿತ್ತು, ಅಷ್ಟೆ.

ಕಾಳವ್ವ ಅಡಿಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳೂ ಆ ಹಾಡನ್ನು ಅಂದೇ ಮೊದಲ ಸಲ ಕೇಳಿದ್ದು. ನಿಧಾನವಾಗಿ ಬಂದು ಮಂಚದ ಆ ಬದಿಗೆ ಕೂತಳು. "ತಲಿ ಬಾಚಿದಾಕಿ ನಾನು," ಎಂದಳು, ಯಾರಿಗೂ ಅಲ್ಲ. ಆಮೇಲೆ ಗಂಡನ ಕಿವಿಯ ಹತ್ತಿರ ಬಾಗಿ, ಮಗುವನ್ನು ಕೇಳುವ ಹಾಗೆ ಕೇಳಿದಳು:

"ಆಕಿ ಶೇಂಗಾ ತಿಂದ್ಲೇನ್ರಿ?"

ಉತ್ತರ ಗೊತ್ತಿದ್ದವರು ಭೂಮಿಯ ಮೇಲೆ ಅವರೊಬ್ಬರೇ. ಅವರು ತೊಲೆಯನ್ನು ನೋಡುತ್ತಲೇ ಇದ್ದರು. ಕಾಳವ್ವ ಇನ್ನೊಮ್ಮೆ ಕೇಳಿದಳು. ದಾಕ್ಷಿ ನನ್ನನ್ನು ನೆಲಕ್ಕಿಟ್ಟು ಅವ್ವನನ್ನು ಅಪ್ಪಿಕೊಂಡಳು.

ಎಂಟು ತಿಂಗಳು ಹಾಗೇ ಇದ್ದು ಮೌನೇಶಪ್ಪ ತೀರಿಕೊಂಡರು. ದಾಕ್ಷಿ ಅವ್ವನನ್ನು ಧಾರವಾಡಕ್ಕೆ ತನ್ನ ಕೋಣೆಗೆ ಕರೆತಂದಳು. ಮುಂದಿನ ಕಾರ್ಯಕ್ರಮಕ್ಕೆ ಹೊರಟ ದಿನ ಕಾಳವ್ವ ನನ್ನ ಚೀಲದ ಗುಂಡಿ ಹಾಕುತ್ತ, "ಹಾಡಿದ್ರ ಪೂರಾ ಹಾಡು. ಅರ್ಧಾ ಹಾಡಬ್ಯಾಡ," ಎಂದಳು.

ಅವಳು ಪೂರ್ತಿಯೇ ಹಾಡಿದಳು. ಆದರೆ ಆ ನಾಲ್ಕು ಸಾಲು ಸೇರಿದ ಮೇಲೆ ಹಾಡು ಬೇರೆಯಾಯಿತು. ಮೊದಲು ಜನ ಅತ್ತು ಹಗುರಾಗುತ್ತಿದ್ದರು, ಈಗ ತಲೆ ತಗ್ಗಿಸಿ ಕೂರತೊಡಗಿದರು. ಯಾವ ಮನೆಯಲ್ಲಿ ಯಾರು ಯಾವ ನಿಲ್ದಾಣದಲ್ಲಿ ಏನನ್ನು ಕೇಳಿಸಿಕೊಳ್ಳಲಿಲ್ಲವೋ ಅವರವರಿಗೇ ಗೊತ್ತು. ಚಪ್ಪಾಳೆ ಬೀಳುತ್ತಿರಲಿಲ್ಲ. ಬೆಂಗಳೂರಿನ ಸಂಘಟಕರೊಬ್ಬರು ಫೋನಿನಲ್ಲಿ, "ಮೇಡಂ, ಹಳೇ ವರ್ಶನ್ನೇ ಹಾಡಿಬಿಡಿ, ಅದು ಚೆನ್ನಾಗಿತ್ತು. ಇದು ಸ್ವಲ್ಪ ಜಾಸ್ತಿ ಆಗುತ್ತೆ ಜನಕ್ಕೆ," ಎಂದರು. ಅವಳು ಆಗುವುದಿಲ್ಲವೆಂದಳು. ಕರೆಗಳು ಕಡಿಮೆಯಾದವು. ಕ್ಯಾಸೆಟ್ಟಿನ ಕಾಲವೂ ಮುಗಿದಿತ್ತು. ಮೆಹಬೂಬನ ಬೆರಳಿಗೆ ವಾತ ಹಿಡಿದು ಅವನು ಮ್ಯಾಂಡೊಲಿನ್ ಬಿಟ್ಟ. ಕೊನೆಯ ಸಲ ನಾವು ಹಾಡಿದ್ದು ಗದಗದ ಒಂದು ಸಣ್ಣ ಸಭಾಂಗಣದಲ್ಲಿ, ಹನ್ನೊಂದು ಜನರ ಮುಂದೆ. ಹಾಡು ಮುಗಿದ ಮೇಲೆ ಯಾರೂ ಏಳಲಿಲ್ಲ. ಕಾವಲುಗಾರ ಬಂದು ಫ್ಯಾನು ಆರಿಸಿದ ಮೇಲೂ ಕೂತೇ ಇದ್ದರು.

ಆಮೇಲೆ ನನ್ನ ಕೊರಳು ಬಾಗಿತು. ಒಡಲಿನ ಹಲಗೆ ಉಬ್ಬಿ ಶ್ರುತಿ ನಿಲ್ಲುವುದಿಲ್ಲ. ರಿಪೇರಿ ಮಾಡುವವನು ನೋಡಿ, ಇದರ ಆಯುಷ್ಯ ಮುಗಿಯಿತು ಎಂದ. ದಾಕ್ಷಿ ತಂತಿಗಳನ್ನು ಸಡಿಲಿಸಿ ನನ್ನನ್ನು ಕಪಾಟಿನ ಪಕ್ಕದ ಮೂಲೆಯಲ್ಲಿ ನಿಲ್ಲಿಸಿದಳು. ಅವಳಿಗೂ ಈಗ ಕೂದಲು ನೆರೆತಿದೆ. ಶಾಲೆಗೆ ಹೋಗುತ್ತಾಳೆ, ಮಕ್ಕಳಿಗೆ ಪ್ರಾರ್ಥನೆ ಕಲಿಸುತ್ತಾಳೆ, ಬಂದು ಅವ್ವನಿಗೆ ಊಟ ಬಡಿಸುತ್ತಾಳೆ. ಹೊಸ ಹಾಡು ಕಟ್ಟಿಲ್ಲ.

ಅವಳ ಹಾಡು ಸೋತಿತೋ ಗೆದ್ದಿತೋ ನನಗೆ ತಿಳಿಯದು. ಸತ್ತವಳನ್ನು ಅದು ಕರೆತರಲಿಲ್ಲ, ಬದುಕಿದ್ದವರನ್ನು ಮಾತಾಡಿಸಲು ತಡಮಾಡಿತು. ವೇದಿಕೆಯ ಮುಂದೆ ಕೂತವರು ಅವಳ ಮಾತು ಕೇಳಿದರು, ದನಿ ಕೇಳಿದರು. ನಾನು ಅವಳ ಎದೆಗೆ ಆನಿಕೊಂಡಿದ್ದೆ. 'ಕಳಿಸಿದಿ' ಎಂದ ಮೇಲೆ 'ವಿ' ಎನ್ನುವ ಮೊದಲು ಅವಳ ಉಸಿರು ಪ್ರತಿ ಸಲವೂ ಎಳೆಯಷ್ಟು ಹೊತ್ತು ನಿಲ್ಲುತ್ತಿತ್ತು. ಅಲ್ಲಿಗೇ ನಿಲ್ಲಿಸಿದರೆ ತಪ್ಪು ಬೇರೆ ಯಾರದೋ ಆಗುತ್ತಿತ್ತು. ಅವಳು ಪ್ರತಿ ಸಲವೂ ಆ ಅಕ್ಷರ ಸೇರಿಸಿದಳು.